ಸಂಪಾದಕರ ಉತ್ತರ: ಕಂಕನಾಡಿಯ ಗುಳಿಗೆ ಪೆಟ್ಟಿಗೆ

ಪುತ್ತೂರಿನ ಓದುಗರಿಗೆ ನಮಸ್ಕಾರ.

ಮಂಗಳೂರಿನ ಕಂಕನಾಡಿಯಲ್ಲಿರುವ ಫಾದರ್ ಮುಲ್ಲರ್ ಆಸ್ಪತ್ರೆ ಬಗ್ಗೆ ಬರೆಯುವಾಗ ನಾವು ‘ಡಾ. ಮುಲ್ಲರ್’ ಎಂದು ಅಚ್ಚು ಹಾಕಿದ್ದೆವು. ಅವರು ಪಾದ್ರಿ, ಡಾಕ್ಟರ್ ಅಲ್ಲವಲ್ಲ ಎಂದು ಕೇಳಿದ್ದೀರಿ. ಸರಿ, ತಪ್ಪು ನಮ್ಮದೇ. ನಿಮ್ಮ ಅಜ್ಜನ ಹತ್ತಿರ ಕಂಕನಾಡಿಯ ಗುಳಿಗೆ ಪೆಟ್ಟಿಗೆ ಇತ್ತು, ಅದಕ್ಕೂ ಆಸ್ಪತ್ರೆಗೂ ಏನು ಸಂಬಂಧ ಅಂತಲೂ ಕೇಳಿದ್ದೀರಿ. ಸಂಬಂಧ ಇದೆ. ಆ ಪೆಟ್ಟಿಗೆಯಿಂದಲೇ ಶುರು ಮಾಡಬೇಕು.

ಅಗಸ್ಟಸ್ ಮುಲ್ಲರ್ ಜರ್ಮನಿಯವರು, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ. ಮಂಗಳೂರಿಗೆ ಬಂದದ್ದು 1878ರ ಕೊನೆಗೆ. ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಜೊತೆಗೆ ಹೋಮಿಯೋಪಥಿ ಗುಳಿಗೆ ಕೊಡುತ್ತಿದ್ದರು. 1880ರಲ್ಲಿ ಬಡವರಿಗಾಗಿ ಔಷಧಾಲಯ ಶುರುವಾಯಿತು. ಆಲದ ಮರದ ಕೆಳಗೆ ಶುರುವಾಯಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ.

ಬಡವರಿಗೆ ಪುಕ್ಕಟೆ ಕೊಟ್ಟರೆ ದುಡ್ಡು ಎಲ್ಲಿಂದ ಬರಬೇಕು? ಮುಲ್ಲರ್ ಅವರು ಔಷಧಿಯನ್ನು ಮಾರಾಟಕ್ಕೂ ಇಟ್ಟರು. ಪತ್ರ ಬರೆದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಆಗ ಮಂಗಳೂರಿಗೆ ರೈಲೂ ಇರಲಿಲ್ಲ, ಅದು ಬಂದದ್ದು 1907ರಲ್ಲಿ. ಆದರೂ ಕಂಕನಾಡಿಯ ಶೀಶೆಗಳು ದೂರದೂರದ ಊರುಗಳ ಮನೆ ಕಪಾಟು ಸೇರಿದವು. ಆ ಸಿಹಿ ಗುಳಿಗೆಯಲ್ಲಿ ರೋಗ ವಾಸಿ ಮಾಡುವ ಗುಣ ಎಷ್ಟಿತ್ತು ಎಂಬುದು ಬೇರೆ ಜಗಳ. ನನಗಂತೂ ಅದರಲ್ಲಿ ಹೆಚ್ಚು ನಂಬಿಕೆ ಇಲ್ಲ. ಆದರೆ ಅದರ ಲಾಭದಿಂದ ಎಷ್ಟೋ ಜನರ ಅನ್ನ ಬೆಂದಿತು, ಅದನ್ನು ಅಲ್ಲಗಳೆಯಲಾರೆ.

ಮುಖ್ಯವಾಗಿ ಕುಷ್ಠರೋಗಿಗಳ ಅನ್ನ. 1890ರಲ್ಲಿ ಅವರಿಗಾಗಿ ಆಶ್ರಮ ತೆರೆದರು. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರು. ಆದರೆ ಅದನ್ನು ಕೊಲ್ಲುವ ಡ್ಯಾಪ್ಸೋನ್‌ನಂಥ ಔಷಧಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅಲ್ಲಿಯ ತನಕ? ಗರುಡಫಲದ ಎಣ್ಣೆ ಹಚ್ಚುವುದು, ಗಾಯ ತೊಳೆದು ಬಟ್ಟೆ ಕಟ್ಟುವುದು, ಊಟ ಹಾಕುವುದು, ಮಲಗಲು ಜಾಗ ಕೊಡುವುದು, ಇಷ್ಟೇ. ಮನೆಯವರೇ ಹೊರಗೆ ಹಾಕಿದ ಕಾಲದಲ್ಲಿ ಇದೇನು ಕಡಿಮೆಯೇ? ನಾವು ಲೇಖನದಲ್ಲಿ ಈ ವಿಷಯಕ್ಕೆ ಒಂದೇ ಸಾಲು ಕೊಟ್ಟಿದ್ದೆವು. ‘ಡಾ.’ಗಿಂತ ದೊಡ್ಡ ತಪ್ಪು ಅದು ಅಂತ ಈಗ ಅನ್ನಿಸುತ್ತಿದೆ.

ಪ್ಲೇಗು ಹಬ್ಬಿದಾಗ 1902ರಲ್ಲಿ ಪ್ಲೇಗ್ ರೋಗಿಗಳಿಗೂ ಬೇರೆ ಆಸ್ಪತ್ರೆ ಎದ್ದಿತು. ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು. ಹೋಮಿಯೋಪಥಿ ಕಾಲೇಜು 1985ರಲ್ಲಿ, ಎಂಬಿಬಿಎಸ್ 1999ರಲ್ಲಿ ಬಂದವು. ಇದೆಲ್ಲ ನಿಮಗೆ ಗೊತ್ತಿರುವುದೇ. ಒಂದೇ ಕಾಂಪೌಂಡಿನಲ್ಲಿ ಆಪರೇಷನ್ ಥಿಯೇಟರೂ ಇದೆ, ಬಿಳಿ ಗುಳಿಗೆಯೂ ಇದೆ. ಇಂಥ ಜೋಡಿ ಬೇರೆಡೆ ಸುಲಭಕ್ಕೆ ಸಿಗದು, ಅಲ್ವಾ?

ಅಜ್ಜನ ಪೆಟ್ಟಿಗೆ ಇನ್ನೂ ಅಟ್ಟದ ಮೇಲೆ ಇದೆ ಎಂದಿದ್ದೀರಿ. ಇಳಿಸಿ, ಧೂಳು ಒರೆಸಿ, ಒಂದು ಫೋಟೋ ಕಳಿಸಿ. ಶೀಶೆಗಳ ಮೇಲಿನ ಚೀಟಿ ಓದಲು ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಒಳಗಿರುವ ಗುಳಿಗೆ ಮಾತ್ರ ಬಾಯಿಗೆ ಹಾಕಬೇಡಿ.

– ಸಂ.