ಪ್ರತಿ: ಸೂಪರ್‌ಚಾರ್ಜರ್ ಜೊತೆ ಟರ್ಬೊ ಸೇರಿಸಿದರೆ ಬೂಸ್ಟ್ ಎಷ್ಟು?
ಎಂಜಿನ್‌ಗೆ ಗಾಳಿ ಹಿಂಡಿ ತುಂಬುವ ಈ ಎರಡೂ (ಸೂಪರ್‌ಚಾರ್ಜರ್ ಎಂಜಿನ್ ಬಲದಿಂದ, ಟರ್ಬೊ ಹೊಗೆಯ ಬಲದಿಂದ ತಿರುಗುತ್ತದೆ) ತಲಾ 1 ಬಾರ್ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, ಕೊಟ್ಟರೆ ಒಟ್ಟು 2 ಬಾರ್ ಆಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಜಾಸ್ತಿಯೇ ಆಗುತ್ತದೆ. ಸಾಲಾಗಿ ಜೋಡಿಸಿದರೆ ಒತ್ತಡದ ಅನುಪಾತಗಳನ್ನು ಕೂಡಬಾರದು, ಗುಣಿಸಬೇಕು. 1 ಬಾರ್ ಬೂಸ್ಟ್ ಅಂದರೆ ಹೊರಗಿನ ಗಾಳಿಯ ಎರಡು ಪಟ್ಟು ಒತ್ತಡ. ಎರಡೆರಡಲಿ ನಾಲ್ಕು. ಅದರಲ್ಲಿ ಹೊರಗಿನ ಗಾಳಿಯ 1 ಬಾರ್ ಕಳೆದು ಗೇಜ್ ಸುಮಾರು 3 ಬಾರ್ ತೋರಿಸುತ್ತದೆ, ಅದೂ ಲೆಕ್ಕದ ಮಟ್ಟಿಗೆ.

ನಿಜವಾದ ತಲೆನೋವು ಬಿಸಿ. ಒಮ್ಮೆ ಹಿಂಡಿ ಕಾದ ಗಾಳಿಯನ್ನೇ ಮತ್ತೆ ಹಿಂಡುತ್ತೀರಿ, ಅಲ್ವಾ? ಎರಡರ ಮಧ್ಯೆ ಒಂದು, ಎಂಜಿನ್‌ಗೆ ಮುಂಚೆ ಇನ್ನೊಂದು ಇಂಟರ್‌ಕೂಲರ್ (ಗಾಳಿ ತಣಿಸುವ ಭಾಗ) ಇಡಿ. ಸೂಪರ್‌ಚಾರ್ಜರ್, ಟರ್ಬೊ ಎರಡೂ ಇದ್ದ 1985ರ ರ‍್ಯಾಲಿ ಕಾರು ಲ್ಯಾನ್ಸಿಯಾ ಡೆಲ್ಟಾ ಎಸ್4ನ 1759 ಸಿಸಿ ಎಂಜಿನ್‌ಗೂ ಎರಡು ಇಂಟರ್‌ಕೂಲರ್ ಇದ್ದವು.

ಸೂಪರ್‌ಚಾರ್ಜರ್ ಒಳಗೆ ಹೋಗದೆ ಗಾಳಿ ಪಕ್ಕದಿಂದ ಹಾದುಹೋಗಲು ಬಿಡುವ ಬೈಪಾಸ್ ವಾಲ್ವ್‌ನಲ್ಲಿ ಜಿಪುಣತನ ಬೇಡ. ಅದು ಚಿಕ್ಕದಾದರೆ ಮೇಲಿನ ಆರ್‌ಪಿಎಂನಲ್ಲಿ ಸೂಪರ್‌ಚಾರ್ಜರೇ ಗಾಳಿಗೆ ಅಡ್ಡ ನಿಲ್ಲುತ್ತದೆ. ಬರೀ ರಸ್ತೆಗಾದರೆ ಸುಮ್ನೆ ಒಂದು ಒಳ್ಳೆ ಟರ್ಬೊ ಸಾಕು.