ವರ್ಷ ಬರೆಯದೇ ಹೋದ ತಪ್ಪಿಗೆ

(ಸುಂಟಿಕೊಪ್ಪ ಕಡೆಯ ಓದುಗರೊಬ್ಬರ ಪತ್ರದ ಸಾರ: 'ಮನೆಮಂದಿಯೆಲ್ಲ ಕೂತು ನೋಡಬಹುದು ಅಂತ ನೀವು ಬರೆದಿದ್ದಿರಿ. ಅದನ್ನು ನಂಬಿ ದಸರಾ ರಜೆಯಲ್ಲಿ ಬೇರೆ ಗ್ರಹದವರು ಭೂಮಿಗೆ ದಾಳಿ ಇಡುವ ಸಿನಿಮಾ "ವಾರ್ ಆಫ್ ದಿ ವರ್ಲ್ಡ್ಸ್" ಹಾಕಿದೆವು. ಏಳು ವರ್ಷದ ಮಗಳು ಅರ್ಧಕ್ಕೇ ಎದ್ದು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಳು. ಆಮೇಲೆ ಒಂದು ವಾರ ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ಹನ್ನೆರಡರ ಮಗ ಪೂರ್ತಿ ನೋಡಿ, ಇಷ್ಟೆಲ್ಲ ಮಾಡಿ ಕೊನೆಗೆ ಶೀತ ಆಗಿ ಸತ್ತರಾ ಅಂತ ನಕ್ಕ. ರಕ್ತ, ಹೆಣ ತೆಗೆದು ಇದನ್ನೇ ಮನೆಯವರಿಗೆಲ್ಲ ಆಗುವ ಹಾಗೆ ಯಾರಾದರೂ ಮತ್ತೆ ಯಾಕೆ ತೆಗೆಯಬಾರದು?')

ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಹೆಸರಿನಲ್ಲಿ ಎರಡು ದೊಡ್ಡ ಸಿನಿಮಾಗಳಿವೆ. ನನ್ನ ತಲೆಯಲ್ಲಿ ಇದ್ದದ್ದು 1953ರದ್ದು, ಜಾರ್ಜ್ ಪಾಲ್ ನಿರ್ಮಾಪಕ, ಬೈರನ್ ಹ್ಯಾಸ್ಕಿನ್ ನಿರ್ದೇಶಕ. ನೀವು ಹಾಕಿದ್ದು ಸ್ಪೀಲ್‌ಬರ್ಗ್ 2005ರಲ್ಲಿ ತೆಗೆದದ್ದು. ವರ್ಷ ಬರೆಯುವುದು ನನ್ನ ಕೆಲಸ, ಬರೆಯಲಿಲ್ಲ. ಪುಟದಲ್ಲಿ ಜಾಗ ಇರಲಿಲ್ಲ ಅಂತ ನೆಪ ಹೇಳಬಹುದಿತ್ತು. ಆದರೆ ನಾಲ್ಕು ಅಂಕಿಗೆ ಎಷ್ಟು ಜಾಗ ಬೇಕು ಹೇಳಿ. ನಿಮ್ಮ ಮಗಳ ಹತ್ತಿರ ನನ್ನ ಪರವಾಗಿ ಸಾರಿ ಹೇಳಿ.

2005ರದ್ದಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ಪಿಜಿ-13. ಹದಿಮೂರರೊಳಗಿನ ಮಕ್ಕಳಿದ್ದರೆ ಅಪ್ಪ ಅಮ್ಮ ಸ್ವಲ್ಪ ಯೋಚನೆ ಮಾಡಿ ಅಂತ ಅದರ ಅರ್ಥ. ನಮ್ಮಲ್ಲೂ 2023ರ ತಿದ್ದುಪಡಿಯಲ್ಲಿ ಯುಎ ಪ್ರಮಾಣಪತ್ರವನ್ನು 7, 13, 16 ಅಂತ ಮೂರು ವಯಸ್ಸಿಗೆ ಒಡೆದಿದ್ದಾರೆ. ಒಳ್ಳೆಯದೇ. ಆದರೆ ರಿಮೋಟ್ ಕೈಗೆ ಬಂದ ಮೇಲೆ ಆ ಮೂಲೆಯ ಅಂಕಿಯನ್ನು ಯಾರು ನೋಡುತ್ತಾರೆ?

ಈಗ ನಿಮ್ಮ ಪ್ರಶ್ನೆ. ರಕ್ತ, ಹೆಣ ತೆಗೆದರೆ ಸಾಕಾ? ನನಗೆ ಸಾಲದು ಅನಿಸುತ್ತದೆ. ಅದೇ 1953ರಲ್ಲಿ 'ಇನ್ವೇಡರ್ಸ್ ಫ್ರಮ್ ಮಾರ್ಸ್' ಅಂತ ಇನ್ನೊಂದು ಬಂತು. ಒಬ್ಬ ಹುಡುಗ ರಾತ್ರಿ ಕಿಟಕಿಯಿಂದ ನೋಡುತ್ತಾನೆ, ಮನೆ ಹಿಂದೆ ಏನೋ ಇಳಿಯುತ್ತದೆ. ನೋಡಿ ಬರುತ್ತೇನೆ ಅಂತ ಹೋದ ಅಪ್ಪ ವಾಪಸ್ ಬಂದಾಗ ಬೇರೆಯೇ ಮನುಷ್ಯ. ಅದೇ ಮುಖ, ಅದೇ ಬಟ್ಟೆ, ಕತ್ತಿನ ಹಿಂದೆ ಒಂದು ಗುರುತು. ಆಮೇಲೆ ಅಮ್ಮನೂ ಹಾಗೇ. ರಕ್ತ ಅನ್ನುವುದೇ ಇಲ್ಲದ ಜಾಗದಲ್ಲಿ ಏಳು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇಕಾ? ಊರು ಸುಟ್ಟರೆ ಮಗು ಅಮ್ಮನ ಹತ್ತಿರ ಓಡುತ್ತದೆ. ಅಮ್ಮನೇ ಅಮ್ಮನಲ್ಲ ಅಂದರೆ ಎಲ್ಲಿಗೆ ಓಡುವುದು? ಕತ್ತರಿ ಹಿಡಿದು ಕೂತವರಿಗೆ ಇಂಥದ್ದು ಕಾಣುವುದೇ ಇಲ್ಲ, ಅವರು ಕೆಂಪು ಬಣ್ಣ ಹುಡುಕುತ್ತಿರುತ್ತಾರೆ.

ಒಂದು ಹಳೆ ಸಂಗತಿ ಹೇಳುತ್ತೇನೆ, ವಿಷಯಕ್ಕೆ ಸಂಬಂಧ ಇದೆ. ನಾನು ಚಿಕ್ಕವನಿದ್ದಾಗ ಸಿದ್ದಾಪುರದ ಹತ್ತಿರ ಅಜ್ಜಿ ಮನೆಯಲ್ಲಿದ್ದೆವು. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬರುವುದು ಗ್ಯಾರಂಟಿ. ಕರೆಂಟ್ ಇರುತ್ತಿರಲಿಲ್ಲ. ಅಜ್ಜಿ ದೀಪ ಸಣ್ಣ ಮಾಡಿ ನಮ್ಮನ್ನೆಲ್ಲ ಒಲೆ ಪಕ್ಕ ಕೂರಿಸಿ, ಕೈ ಹಿಡಿದುಕೊಂಡು, ಮೆಲ್ಲಗೆ ಹೇಳುತ್ತಾ ಹೋಗುತ್ತಿದ್ದರು. 'ಈಗ ಮುರಿದಿದ್ದು ಹಲಸಿನ ಕೊಂಬೆ. ಈಗ ಬೇಲಿ ಹೋಯ್ತು. ಮರಿ ಇದೆ ಜೊತೆಯಲ್ಲಿ, ಅದಕ್ಕೇ ನಿಧಾನ. ಈಗ ಗದ್ದೆಗೆ ಇಳೀತು ನೋಡು, ಕೆಸರಿನ ಸದ್ದು.' ನಾವು ಆನೆಯನ್ನು ನೋಡುತ್ತಲೇ ಇರಲಿಲ್ಲ. ಎದೆ ಢವಢವ ಅನ್ನುತ್ತಿತ್ತು, ಆದರೆ ಎದ್ದು ಹೋಗಬೇಕು ಅಂತ ಒಂದು ದಿನವೂ ಅನಿಸಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಹೆಜ್ಜೆ ಗುರುತು ಅಳೆಯಲು ನಮಗೇ ಪೈಪೋಟಿ.

ನನ್ನ ಲೆಕ್ಕದಲ್ಲಿ ಫ್ಯಾಮಿಲಿ ಸಿನಿಮಾ ಅಂದರೆ ಅದು. ಆನೆ ಬರಲೇಬೇಕು. ಪಕ್ಕದಲ್ಲಿ ಅಜ್ಜಿಯೂ ಇರಬೇಕು.

ನಿಜ ಹೇಳಬೇಕೆಂದರೆ 2005ರ ಸಿನಿಮಾದಲ್ಲೇ ಅಂಥ ಒಂದು ಜಾಗ ಇದೆ. ನಿಮ್ಮ ಮಗಳು ಅಷ್ಟು ಹೊತ್ತಿಗೆ ಎದ್ದು ಹೋಗಿರಬೇಕು. ನೆಲಮಾಳಿಗೆಯಲ್ಲಿ ಅಪ್ಪ ಒಂದು ಘೋರ ಕೆಲಸ ಮಾಡಬೇಕಾಗುತ್ತದೆ. ಮಗಳ ಕಣ್ಣಿಗೆ ಬಟ್ಟೆ ಕಟ್ಟುತ್ತಾನೆ, ಹಾಡು ಹೇಳಿಕೊಂಡು ಕೂತಿರು ಅನ್ನುತ್ತಾನೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಕ್ಯಾಮೆರಾ ಈಚೆಗೇ ನಿಲ್ಲುತ್ತದೆ. ನಮಗೂ ಕಾಣುವುದಿಲ್ಲ. ಹೇಗೆ ಮುಚ್ಚಬೇಕು ಅಂತ ಸ್ಪೀಲ್‌ಬರ್ಗ್‌ಗೆ ಚೆನ್ನಾಗಿ ಗೊತ್ತು. ಆದರೆ ಅದೇ ಹುಡುಗಿ ಒಬ್ಬಳೇ ಹೊಳೆ ದಂಡೆಗೆ ಹೋದಾಗ ಹೆಣಗಳು ತೇಲಿ ಬರುವುದನ್ನೂ ತೋರಿಸುತ್ತಾರೆ. ಅಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ. ನಿಮ್ಮ ಮಗಳು ಎದ್ದದ್ದು ಆ ಹೊತ್ತಿಗೇ ಇರಬಹುದು ಅಂತ ನನ್ನ ಊಹೆ, ಸರಿಯಾ ತಪ್ಪಾ ತಿಳಿಸಿ.

ಮತ್ತೆ ತೆಗೆಯುವುದಾದರೆ ಎಲ್ಲಿ ತೆಗೆಯಬೇಕು ಅನ್ನುವುದೂ ಮುಖ್ಯ. ಈ ಕಥೆ ಪ್ರತಿ ಸಲ ಮನೆ ಬದಲಾಯಿಸಿದೆ. 1898ರಲ್ಲಿ ಪುಸ್ತಕವಾಗಿ ಬಂದಾಗ ಲೇಖಕ ಎಚ್.ಜಿ. ವೆಲ್ಸ್ ಮಂಗಳ ಗ್ರಹದವರನ್ನು ಇಳಿಸಿದ್ದು ಲಂಡನ್ ಪಕ್ಕದ ವೋಕಿಂಗ್ ಊರಿನ ಬಯಲಿನಲ್ಲಿ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ರೇಡಿಯೋದಲ್ಲಿ ಹೇಳಿದಾಗ ಅವರು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್‌ನಲ್ಲಿ ಇಳಿದರು. 1953ಕ್ಕೆ ಕ್ಯಾಲಿಫೋರ್ನಿಯಾ, 2005ಕ್ಕೆ ಮತ್ತೆ ನ್ಯೂಜೆರ್ಸಿ. ಕೇಳುವವರ, ನೋಡುವವರ ಅಂಗಳಕ್ಕೆ ತಂದು ಇಳಿಸಿದ್ದಕ್ಕೇ ಅದು ನಾಟಿತು. ಹಾಗಾದರೆ ನಮ್ಮ ಕೊಡಗಿನ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ, ಯಾಕೆ ಇಳಿಯಬಾರದು? (ಎಚ್.ಜಿ. ವೆಲ್ಸ್ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬಿಳಿಯರು ಟಾಸ್ಮೇನಿಯಾದ ಜನರಿಗೆ ಮಾಡಿದ್ದನ್ನು ನೆನಪಿಸಿ, ಮಂಗಳದವರನ್ನು ಬೈಯಲು ನಮಗೇನು ಮುಖ ಇದೆ ಅನ್ನುವ ಧಾಟಿಯಲ್ಲಿ ಕೇಳುತ್ತಾರೆ. 1834ರಲ್ಲಿ ಕಂಪನಿಯ ಸೇನೆ ಬಂದದ್ದನ್ನು ಕಂಡ ಊರು ನಮ್ಮದು. ಈ ಮಾತು ನಮಗೆ ಬೇಗ ತಾಗುತ್ತದೆ.)

ಸುಮ್ನೆ ಕೂತು ಯೋಚಿಸಿದೆ. ಮೊದಲ ತೊಡಕು ಶುರುವಿನಲ್ಲೇ ಬರುತ್ತದೆ. 1953ರ ಸಿನಿಮಾದಲ್ಲಿ ಊರಿನವರು ಡಾನ್ಸ್ ಮಾಡುತ್ತಿರುವಾಗ ಕರೆಂಟ್ ಹೋಗುತ್ತದೆ, ಫೋನ್ ಸಾಯುತ್ತದೆ, ಅಲ್ಲಿಗೆ ಏನೋ ಎಡವಟ್ಟಾಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ಕರೆಂಟ್ ಹೋಗಿ ಫೋನ್ ಸತ್ತರೆ ಜುಲೈ ಬಂತು ಅಂದುಕೊಳ್ಳುತ್ತೇವೆ, ಅಷ್ಟೆ. ಆದರೆ ಅದೇ ಸಿನಿಮಾದಲ್ಲಿ ಇನ್ನೊಂದು ಚೆಂದದ ವಿವರ ಇದೆ, ಎಲ್ಲರ ಕೈಗಡಿಯಾರವೂ ಒಂದೇ ಹೊತ್ತಿಗೆ ನಿಂತುಹೋಗಿರುತ್ತದೆ. ಅದನ್ನು ಇಟ್ಟುಕೊಳ್ಳೋಣ. ಕೆಇಬಿಯವರನ್ನು ಬೈದು ಮಲಗಲು ಹೊರಟ ಅಜ್ಜಿ ಗೋಡೆ ಗಡಿಯಾರ ನೋಡಿ ನಿಲ್ಲಬೇಕು.

ಎರಡನೆಯದು ಕೋವಿ. ಕೊಡಗಿನಲ್ಲಿ ಕಥೆ ಅಂದ ಮೇಲೆ ಕೋವಿ ಕೆಳಗಿಳಿಯದೆ ಇರುತ್ತದಾ? ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬದ ದಿನ ಪ್ರತಿ ವರ್ಷ ತೆಂಗಿನಕಾಯಿಗೆ ಗುರಿ ತಪ್ಪದ ದೊಡ್ಡಪ್ಪ ಒಬ್ಬರು ಇರಲಿ. ಅವರು ಕೋವಿ ಹಿಡಿದು ಬಾಣೆ ಹತ್ತುತ್ತಾರೆ. ಒಂದು ಗುಂಡಿನ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ವಾಪಸ್ ಬಂದು ಕೋವಿಯನ್ನು ಮೊದಲಿದ್ದ ಮೊಳೆಗೇ ತೂಗುಹಾಕಿ, 'ಕಾಫಿ ಇದೆಯಾ' ಅಂತ ಕೇಳುತ್ತಾರೆ. ಮಕ್ಕಳು ಅವರ ಮುಖ ನೋಡುತ್ತವೆ. ಒಂದು ಹನಿ ರಕ್ತ ಬೀಳದೆ ಕೆಲಸ ಆಯಿತು, ಅಲ್ವಾ? 1953ರಲ್ಲಿ ಇದೇ ಕೆಲಸಕ್ಕೆ ಅಣುಬಾಂಬ್ ಹಾಕಿಸಿದ್ದರು. ಅದಕ್ಕೂ ಆ ಯಂತ್ರಗಳು ಜಗ್ಗಲಿಲ್ಲ. ದೊಡ್ಡಪ್ಪನದ್ದೇ ಜಾಸ್ತಿ ಪರಿಣಾಮ ಅಂತ ನನಗೆ ಅನಿಸುತ್ತದೆ. ಖರ್ಚೂ ಕಡಿಮೆ.

ಇನ್ನು ನಿಮ್ಮ ಮಗ ನಕ್ಕ ವಿಷಯ. ಅಲ್ಲಿ ನಾನು ಅವನ ಪಕ್ಷ ಅಲ್ಲ. ಫ್ಯಾಮಿಲಿ ಸಿನಿಮಾ ಮಾಡುವವರು ಮೊದಲು ಕೈ ಹಾಕುವುದೇ ಆ ಕೊನೆಗೆ. ಒಬ್ಬ ಪುಟ್ಟ ಹುಡುಗ ಕಂಪ್ಯೂಟರ್ ಒತ್ತಿ ಹಡಗು ಬೀಳಿಸಿದ, ಎಲ್ಲರೂ ಚಪ್ಪಾಳೆ. ದಯವಿಟ್ಟು ಬೇಡ. ಭೂಮಿಯ ರೋಗಾಣು ತಾಗಿ ದಾಳಿ ಮಾಡಿದವರು ಸತ್ತರು ಅನ್ನುವುದೇ ಈ ಕಥೆಯ ಜೀವ. ಪುಸ್ತಕದಲ್ಲೂ, ಎರಡು ಸಿನಿಮಾದಲ್ಲೂ ಅದನ್ನು ಯಾರೂ ಬದಲಾಯಿಸಿಲ್ಲ.

ನಿಮ್ಮದು ಅರೇಬಿಕಾ ತೋಟ ಅಂತ ಪತ್ರದಲ್ಲಿದೆ. ಮಗನನ್ನು ಒಂದು ದಿನ ಕಾಂಡ ಕೊರೆಯುವ ಬೋರರ್ ಹುಳು ಹುಡುಕಲು ಕರೆದುಕೊಂಡು ಹೋಗಿ. ಕಾಂಡದ ಮೇಲೆ ಉಬ್ಬಿದ ಗೆರೆ ತೋರಿಸಿ, ಗಿಡ ಕಿತ್ತ ಮೇಲೆ ಸೀಳಿ ಒಳಗಿನ ಸುರಂಗ ತೋರಿಸಿ, ಅದರೊಳಗಿನ ಬೆರಳುಗಾತ್ರವೂ ಇಲ್ಲದ ಹುಳು ತೋರಿಸಿ. ಎಷ್ಟು ವರ್ಷದ ಗಿಡ ಅದು ಅಂತ ಅವನೇ ಕೇಳುತ್ತಾನೆ. ಹಾಗೇ ಎಲೆ ಮಗುಚಿ ತುಕ್ಕು ರೋಗದ ಕಿತ್ತಳೆ ಪುಡಿಯನ್ನು ಬೆರಳಿಗೆ ಹಚ್ಚಿ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡ ಈ ಪುಡಿ ಅಲ್ಲಿನ ಕಾಫಿಯನ್ನೇ ಮುಗಿಸಿತು, ಅವರು ಟೀ ಕಡೆ ತಿರುಗಿದರು. ಬ್ರಿಟಿಷ್ ಪ್ಲಾಂಟರ್‌ಗಳ ಹಣ, ಹಡಗು, ಸೈನ್ಯ ಯಾವುದೂ ಈ ಪುಡಿಯ ಎದುರು ನಡೆಯಲಿಲ್ಲ. ಪುಸ್ತಕ ಬರೆದ ವೆಲ್ಸ್ ತೋಟ ಮಾಡಿದವರಲ್ಲ, ಆದರೆ ಬಯಾಲಜಿ ಓದಿದವರು. ಆ ಕೊನೆಯನ್ನು ಅವರು ಸುಮ್ಮನೆ ಬರೆದಿಲ್ಲ.

ನಮ್ಮ ಸಿನಿಮಾದ ಕೊನೆಗೆ ಮಾತ್ರ 2005ರದ್ದರಿಂದ ಒಂದು ಸಾಲ ತೆಗೆದುಕೊಳ್ಳೋಣ. ಅದರಲ್ಲಿ ಯಂತ್ರದ ಮೇಲೆ ಹಕ್ಕಿಗಳು ಬಂದು ಕೂರುತ್ತವೆ, ಅದರ ರಕ್ಷಣೆ ಹೋಗಿದೆ ಅಂತ ಅಪ್ಪನಿಗೆ ಆಗ ಹೊಳೆಯುತ್ತದೆ. ನಮ್ಮಲ್ಲಿ ಅದು ಮೊದಲು ಕಾಣುವುದು ಏಳು ವರ್ಷದವಳಿಗೆ. ಮೂರು ಕಾಲಿನ ಆ ದೈತ್ಯ ಯಂತ್ರ ಗದ್ದೆಯ ನಡುವೆ ನಿಂತಿದೆ, ತಲೆ ಮೇಲೆ ಒಂದು ಬೆಳ್ಳಕ್ಕಿ. 'ಅಜ್ಜೀ, ಬೆಳ್ಳಕ್ಕಿ ಕೂತಿದೆ.' ಅಜ್ಜಿ ಹೊರಗೆ ಬರುತ್ತಾರೆ.

ರಜೆ ಸಿಕ್ಕಾಗ 1953ರದ್ದನ್ನು ನೋಡಿ, ಹಗಲಲ್ಲೇ. ಅದರಲ್ಲೂ ಜನ ಸಾಯುತ್ತಾರೆ. ಬಿಳಿ ಬಾವುಟ ಹಿಡಿದು ಹೋದ ಮೂವರು ಕ್ಷಣದಲ್ಲಿ ಬೂದಿಯಾಗುತ್ತಾರೆ. ಮೊದಲು ನೀವೊಬ್ಬರೇ ನೋಡಿ, ಮಗಳಿಗೆ ಆಗುತ್ತದೆ ಅನಿಸಿದರೆ ಮಾತ್ರ ತೋರಿಸಿ. ಪಾಳುಮನೆಯೊಳಗೆ ಮಂಗಳದವನು ಕಿರುಚುವ ಜಾಗ ಬಂದಾಗ ಅವಳ ಕಿವಿಯಲ್ಲಿ ಹೇಳಿ: ಡ್ರೈ ಐಸ್ ಮೇಲೆ ಮೈಕ್ ಉಜ್ಜಿದ ಸದ್ದು ಅದು, ಜೊತೆಗೆ ಒಬ್ಬ ಹೆಂಗಸಿನ ಕೂಗು, ಎರಡನ್ನೂ ಸೇರಿಸಿ ಹಿಂದುಮುಂದಾಗಿ ಓಡಿಸಿದ್ದಾರೆ. ಹಾರುವ ಯಂತ್ರಗಳನ್ನು ಸಣ್ಣ ತಂತಿಯಲ್ಲಿ ನೇತುಹಾಕಿದ್ದಾರೆ. ಹಳೆ ಪ್ರಿಂಟ್ ಸಿಕ್ಕಿದರೆ ತಂತಿ ಕಂಡರೂ ಕಾಣಬಹುದು. ಮೊದಲು ಕಂಡವರಿಗೆ ಒಂದು ಚಾಕೊಲೇಟ್ ಅಂತ ಪಂದ್ಯ ಇಡಿ. ದುಡ್ಡು ನಾನು ಕೊಡುತ್ತೇನೆ, ತಪ್ಪು ನನ್ನದಲ್ವಾ.

— ಸಂಪಾದಕ