ಮಾವೋಗೆ ಎದುರು ಮಾತಾಡಿದ ಸೇನಾಪತಿ ಯಾರಾದರೂ ಇದ್ದರಾ?

ಚೀನಾದ ಸೈನ್ಯದಲ್ಲಿ ತುತ್ತತುದಿಗೆ ಏರಿದವರು ಯಾರಾದರೂ ಮಾವೋಗೆ ಎದುರು ಮಾತಾಡಿದ್ದುಂಟಾ, ಆಮೇಲೆ ಅವರ ಗತಿ ಏನಾಯ್ತು ಅಂತ ಕೇಳಿದ್ದೀರಿ. ಒಬ್ಬರಿದ್ದರು, ಮಾರ್ಷಲ್ ಪೆಂಗ್ ದೆಹುವಾಯ್. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆಯಲ್ಲ, ಅದನ್ನು ನೋಡಿ ಬಂದಮೇಲೆ ನಾನು ಕೊರಿಯಾ ಯುದ್ಧದ ಬಗ್ಗೆ ಓದತೊಡಗಿದೆ. ಆ ಯುದ್ಧ ನಿಂತಾಗ ಕೈದಿಗಳ ವಾಪಸಾತಿ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ತಿಮ್ಮಯ್ಯನವರು. ಯುದ್ಧದಲ್ಲಿ ಚೀನೀ ಪಡೆಗಳನ್ನು ನಡೆಸಿದವರು ಪೆಂಗ್. ಹಾಗೆ ಈ ಮನುಷ್ಯ ನನಗೆ ಪರಿಚಯವಾದದ್ದು.

ಹುಟ್ಟಿದ್ದು 1898ರಲ್ಲಿ, ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್‌ನಲ್ಲಿ. ಮಾವೋನ ಊರೂ ಅದೇ ಸೀಮೆ. ತಾಯಿ ಬೇಗ ತೀರಿಹೋದರು. ಒಂದು ದಿನ ಎಪ್ಪತ್ತು ದಾಟಿದ ಅಜ್ಜಿ, ಕಟ್ಟಿ ಕುಗ್ಗಿಸಿದ ಪುಟ್ಟ ಪಾದಗಳಲ್ಲಿ ಹಿಮ ತುಳಿಯುತ್ತಾ, ಹುಡುಗನ ತಮ್ಮಂದಿರನ್ನು ಕರೆದುಕೊಂಡು ಭಿಕ್ಷೆಗೆ ಹೊರಟರು. ಹುಡುಗ ತಾನು ಹೋಗುವುದಿಲ್ಲ ಎಂದು ಹಟ ಹಿಡಿದು ಕಟ್ಟಿಗೆ ತರಲು ಹೋದ. ಸಂಜೆ ಅಜ್ಜಿ ತಂದ ಅನ್ನವನ್ನೂ ಅವನು ಮುಟ್ಟಲಿಲ್ಲ. ಆಮೇಲೆ ಕಲ್ಲಿದ್ದಲ ಗಣಿಯ ಕೂಲಿ, 1916ರಲ್ಲಿ ಸೈನ್ಯ, 1928ರಲ್ಲಿ ಕಮ್ಯುನಿಸ್ಟ್ ಪಕ್ಷ, ಮುಂದೆ ಲಾಂಗ್ ಮಾರ್ಚ್ ಎಂಬ ಕಮ್ಯುನಿಸ್ಟ್ ಸೈನ್ಯದ ಸಾವಿರಾರು ಮೈಲಿಗಳ ಹಿಮ್ಮೆಟ್ಟುವಿಕೆ, ಜಪಾನಿನ ವಿರುದ್ಧದ ಯುದ್ಧ.

1950ರ ಅಕ್ಟೋಬರಿನಲ್ಲಿ ಗಡಿಯ ಯಾಲು ನದಿ ದಾಟಿ ಕೊರಿಯಾಕ್ಕೆ ಹೋದರು. ಮರುವರ್ಷದ ಆರಂಭದಲ್ಲಿ ಬೀಜಿಂಗಿಗೆ ಬಂದವರು ಮಲಗಿದ್ದ ಮಾವೋನನ್ನು ಎಬ್ಬಿಸಿ, ಈ ಯುದ್ಧ ಬೇಗ ಗೆಲ್ಲುವಂಥದ್ದಲ್ಲ ಎಂದು ಮುಖಕ್ಕೇ ಹೇಳಿದರು. ಆಗ ಮಾವೋ ಕೇಳಿಸಿಕೊಂಡ. 1954ರಲ್ಲಿ ಪೆಂಗ್ ರಕ್ಷಣಾ ಸಚಿವರಾದರು, 1955ರಲ್ಲಿ ಹತ್ತು ಮಂದಿ ಮಾರ್ಷಲ್‌ಗಳಲ್ಲಿ ಒಬ್ಬರಾದರು.

ಕೆಟ್ಟದ್ದು 1959ರಲ್ಲಿ. ಚೀನಾವನ್ನು ಕೆಲವೇ ವರ್ಷಗಳಲ್ಲಿ ಕೈಗಾರಿಕಾ ದೇಶ ಮಾಡಿಬಿಡುವ ಮಾವೋನ ಯೋಜನೆ ‘ಮಹಾ ಜಿಗಿತ’ದ ಹುಚ್ಚಿನಲ್ಲಿ ರೈತರನ್ನೆಲ್ಲ ಉಕ್ಕು ಕಾಯಿಸಲು ಹಚ್ಚಿ, ಬೆಳೆದ ಬೆಳೆ ಹೊಲದಲ್ಲೇ ಹಾಳಾಗುತ್ತಿದ್ದುದನ್ನು ಪೆಂಗ್ ಹಿಂದಿನ ವರ್ಷವೇ ಕಣ್ಣಾರೆ ಕಂಡಿದ್ದರು. ಲೂಷಾನ್ ಬೆಟ್ಟದಲ್ಲಿ ಪಕ್ಷದ ಸಭೆ ಸೇರಿದಾಗ, ಜುಲೈ 14ರಂದು ಮಾವೋಗೆ ಒಂದು ಖಾಸಗಿ ಪತ್ರ ಬರೆದರು. ಸೌಮ್ಯವಾದ ಪತ್ರವೇ. ಆದರೆ ಉಕ್ಕಿನ ವಿಷಯದಲ್ಲಿ ‘ನಷ್ಟವೂ ಇದೆ, ಲಾಭವೂ ಇದೆ’ ಎಂದು ನಷ್ಟವನ್ನು ಮೊದಲು ಬರೆದಿದ್ದರು. ಅದೂ ಒಂದು ಅಪರಾಧವಾಯಿತು! ಮಾವೋ ಪತ್ರವನ್ನು ಪ್ರತಿ ಮಾಡಿಸಿ ಸಭೆಗೆಲ್ಲ ಹಂಚಿದ, ಜುಲೈ 23ರಂದು ತಾನೇ ಎದ್ದುನಿಂತು ಹರಿಹಾಯ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತೀವಲ್ಲ, ಅಕ್ಷರಶಃ ಅದೇ. ರಕ್ಷಣಾ ಸಚಿವರ ಪದವಿ ಇನ್ನೊಬ್ಬ ಮಾರ್ಷಲ್ ಲಿನ್ ಬಿಯಾವೊ ಪಾಲಾಯಿತು. ಬರಗಾಲ ಕೋಟ್ಯಂತರ ಜನರನ್ನು ನುಂಗಿತು.

ಪೆಂಗ್ ಅವರನ್ನು ಬೀಜಿಂಗಿನ ಹೊರವಲಯದ ಹಳೇ ತೋಟದ ಮನೆಯೊಂದಕ್ಕೆ ಕಳಿಸಿದರು. ಅಲ್ಲಿ ಅವರು ಒಂದು ಗುಂಟೆಗೂ ಕಡಿಮೆ ಜಾಗ ಅಗೆದು, ತಾವೇ ಗೊಬ್ಬರ ಹಾಕಿ ಗೋಧಿ ಬೆಳೆದರು. ಪತ್ರಿಕೆಗಳಲ್ಲಿ ಬರುತ್ತಿದ್ದ ಇಳುವರಿ ನಿಜವೋ ಸುಳ್ಳೋ ತೂಗಿ ನೋಡಬೇಕಿತ್ತು ಅವರಿಗೆ. ಆ ಲೆಕ್ಕದ ಹತ್ತಿರಕ್ಕೂ ಫಸಲು ಬರಲಿಲ್ಲ. ಅವರ ಎಲ್ಲ ಯುದ್ಧಗಳಿಗಿಂತ ಈ ಗೋಧಿಯೇ ನನಗೆ ದೊಡ್ಡದು. ಸೋತು ಮೂಲೆ ಸೇರಿದ ಮೇಲೂ ಅಳೆದು ನೋಡುವುದನ್ನು ಬಿಡಲಿಲ್ಲವಲ್ಲ!

ಮುಂದೆ ಅವರನ್ನು ನೈಋತ್ಯದ ಚೆಂಗ್ಡು ನಗರಕ್ಕೆ ಕೆಲಸಕ್ಕೆ ಕಳಿಸಿದ್ದರು; 1966ರ ಕೊನೆಗೆ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಮಾವೋ ಛೂ ಬಿಟ್ಟ ಯುವಕರ ಪಡೆ, ರೆಡ್ ಗಾರ್ಡ್‌ಗಳು, ಅಲ್ಲಿಂದ ಬೀಜಿಂಗಿಗೆ ಹಿಡಿದು ತಂದರು. ಹೊಡೆತ, ಬಹಿರಂಗ ಅವಮಾನ, ವರ್ಷಗಟ್ಟಲೆ ಸೆರೆ. 1974ರ ನವೆಂಬರ್ 29ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿತಾಭಸ್ಮದ ಪೆಟ್ಟಿಗೆಯ ಮೇಲೆ ವಾಂಗ್ ಚುವಾನ್ ಎಂಬ ಸುಳ್ಳು ಹೆಸರು ಬರೆದಿದ್ದರು. 1978ರ ಡಿಸೆಂಬರಿನಲ್ಲಿ ಪಕ್ಷ ಅವರ ಮೇಲಿನ ಆರೋಪ ತೆಗೆದುಹಾಕಿತು, ಶ್ರದ್ಧಾಂಜಲಿ ಸಭೆಯಲ್ಲಿ ಮಾವೋ ನಂತರದ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಮಾತಾಡಿದರು.

ಸೆರೆಯಲ್ಲಿ ತನಿಖೆಯವರು ಬರೆಸಿಕೊಂಡ ಹೇಳಿಕೆಗಳೇ ಮುಖ್ಯವಾಗಿ 1981ರಲ್ಲಿ ಅವರ ಆತ್ಮಕಥೆಯಾಗಿ ಅಚ್ಚಾದವು. ಅಜ್ಜಿ ಹಿಮದಲ್ಲಿ ಭಿಕ್ಷೆಗೆ ಹೊರಟ ಆ ದಿನ ನಮಗೆ ಗೊತ್ತಾದದ್ದು ಆ ಹಾಳೆಗಳಿಂದ.